ಇಸಿಜಿ ನಾರ್ಮಲ್, ಆದರೂ ಎದೆ ಢವಢವ: ಸೈನಿಕನಿಗೆ ನಾಯಿ ಕೊಟ್ಟ ನಿದ್ದೆ



ಕಳೆದ ಸಲ ಬಿಪಿ ಮಾತ್ರೆಯನ್ನು ನಡುವೆ ನಿಲ್ಲಿಸಬೇಡಿ ಎಂದು ಬರೆದಿದ್ದೆ. ತುಂಬಾ ಜನ ಫೋನ್ ಮಾಡಿದಿರಿ, ಸಂತೋಷ. ಈ ಸಲದ ಲೇಖನವನ್ನು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಎರಡು ವರ್ಷದ ಹಿಂದಿನ ಮಾತು. ರಾತ್ರಿ ಹನ್ನೊಂದರ ಹೊತ್ತಿಗೆ ಒಬ್ಬರು ಬಂದರು. ಬೆಳಗಾವಿ ಜಿಲ್ಲೆಯವರು, ವಯಸ್ಸು ನಲವತ್ತಾರು. ಹದಿನೇಳು ವರ್ಷ ಸೈನ್ಯದಲ್ಲಿದ್ದು ನಿವೃತ್ತರಾಗಿ, ಇಲ್ಲಿ ಚಾಕಣದ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ. "ಸರ್, ಎದಿ ಢವಢವ ಅಂತೈತ್ರಿ. ಉಸಿರು ಕಟ್ಟಿದಂಗ ಆಗತೈತಿ. ಈಗೇ ಸಾಯ್ತೀನೇನೋ ಅನಸ್ತೈತಿ" ಎಂದರು. ಇಸಿಜಿ ತೆಗೆದೆವು, ನಾರ್ಮಲ್. ರಕ್ತಪರೀಕ್ಷೆ ನಾರ್ಮಲ್. ಮರುದಿನ ಎಕೋ, ಆಮೇಲೆ ಟ್ರೆಡ್‌ಮಿಲ್, ಎಲ್ಲವೂ ನಾರ್ಮಲ್. ನಾನು ಬೆನ್ನು ತಟ್ಟಿ, "ನಿಮಗೇನೂ ಆಗಿಲ್ಲ, ಟೆನ್ಷನ್ ಮಾಡ್ಕೋಬೇಡಿ" ಎಂದು ಕಳಿಸಿಬಿಟ್ಟೆ.

ಮೂರು ತಿಂಗಳ ನಂತರ ಅವರ ಹೆಂಡತಿ ಒಬ್ಬರೇ ಬಂದರು. ಕೈಯಲ್ಲಿ ಅದೇ ಫೈಲು. "ಏನೂ ಆಗಿಲ್ಲ ಅಂದ್ರಿ. ಆದ್ರ ಅವ್ರು ರಾತ್ರಿ ಮಲಗಂಗಿಲ್ರೀ. ಗಣಪತಿ ಕಳಿಸೂ ದಿನ ಪಟಾಕಿ ಸದ್ದಿಗೆ ಮಂಚದ ಕೆಳಗ ಹೊಕ್ಕೊಂಡು ಕುಂತಿದ್ರು. ಮಕ್ಳು ನೋಡಿದ್ವು. ಆವತ್ತಿನಿಂದ ಕುಡಿಯೂದು ಸುರು ಆಗೈತಿ. ಏನೂ ಆಗಿಲ್ಲ ಅಂದ್ರ ಇದೇನ್ರಿ ಮತ್ತ?" ಎಂದು ಕೇಳಿದರು.

ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ನಾನು ಮತ್ತೆ ಪುಸ್ತಕ ತೆರೆಯಬೇಕಾಯಿತು. ಇವತ್ತಿನ ಲೇಖನ ಆ ಉತ್ತರ. (ಅವರಿಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆದಿದ್ದೇನೆ.)

*ಸೈನಿಕನ ಹೃದಯ*

ಈ ಕಾಯಿಲೆಯನ್ನು ಮೊದಲು ಗುರುತಿಸಿದವರಲ್ಲಿ ಒಬ್ಬರು ಮನೋವೈದ್ಯರಲ್ಲ, ನಮ್ಮಂತೆ ಎದೆ ಪರೀಕ್ಷೆ ಮಾಡುವ ವೈದ್ಯರು. ಅಮೆರಿಕದ ಅಂತರ್ಯುದ್ಧ ನಡೆದದ್ದು 1861ರಿಂದ 1865ರವರೆಗೆ. ಆಗ ಜೇಕಬ್ ಡಾ ಕೋಸ್ಟಾ ಎಂಬ ವೈದ್ಯರ ಬಳಿಗೆ ನೂರಾರು ಯುವ ಸೈನಿಕರು ಒಂದೇ ದೂರು ಹೇಳಿಕೊಂಡು ಬಂದರು: ಎದೆಬಡಿತ, ಎದೆನೋವು, ಏದುಸಿರು, ನಿದ್ದೆಯಿಲ್ಲ. ಹೃದಯದಲ್ಲಿ ಹುಡುಕಿದರೆ ರೋಗ ಸಿಗಲಿಲ್ಲ. 1871ರಲ್ಲಿ ಅವರು ಇದರ ಬಗ್ಗೆ ಪ್ರಬಂಧ ಬರೆದರು. ಮುಂದೆ ಜನ ಇದಕ್ಕೆ 'ಸೈನಿಕನ ಹೃದಯ' ಎಂದೇ ಹೆಸರಿಟ್ಟರು.

ಮೊದಲ ಮಹಾಯುದ್ಧದಲ್ಲಿ ಇದಕ್ಕೆ 'ಶೆಲ್ ಶಾಕ್' ಎಂಬ ಹೆಸರು ಬಂತು. ಎಷ್ಟೋ ಸೈನಿಕರಿಗೆ ಹೇಡಿಗಳು ಎಂಬ ಪಟ್ಟ ಸಿಕ್ಕಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಇದನ್ನು ಒಂದು ಸ್ಪಷ್ಟ ಕಾಯಿಲೆಯಾಗಿ ಪಟ್ಟಿಗೆ ಸೇರಿಸಿತು. ಇವತ್ತು ನಾವು ಪಿಟಿಎಸ್‌ಡಿ ಎನ್ನುವುದು ಇದನ್ನೇ. ಆಘಾತ ಮುಗಿದ ಮೇಲೂ ಮುಗಿಯದ ಒತ್ತಡದ ಕಾಯಿಲೆ ಎಂದು ಅರ್ಥ.

*ದೇಹದೊಳಗೆ ಏನಾಗುತ್ತದೆ?*

ನಮ್ಮ ಮೆದುಳಿನಲ್ಲಿ ಒಂದು ಕಾವಲುಗಾರ ಇದ್ದಾನೆ. ಬಾದಾಮಿ ಆಕಾರದ ಚಿಕ್ಕ ಭಾಗ, ಅಮಿಗ್ಡಲಾ ಎನ್ನುತ್ತಾರೆ. ಹಾವು ಕಂಡ ಕೂಡಲೇ ನೀವು ಯೋಚಿಸುವ ಮೊದಲೇ ಕಾಲು ಹಿಂದಕ್ಕೆ ಬರುತ್ತದಲ್ಲ, ಅದು ಅವನ ಕೆಲಸ. ಅವನು ಸೈರನ್ ಒತ್ತುತ್ತಾನೆ, ಅಡ್ರಿನಲಿನ್ ಸುರಿಯುತ್ತದೆ, ಹೃದಯ ಜೋರಾಗಿ ಬಡಿಯುತ್ತದೆ, ಬಿಪಿ ಏರುತ್ತದೆ. ಅಪಾಯ ದಾಟಿದ ಮೇಲೆ ಸೈರನ್ ನಿಲ್ಲಬೇಕು.

ದೊಡ್ಡ ಆಘಾತ ಕಂಡವರಲ್ಲಿ ಕೆಲವರಿಗೆ ಸೈರನ್ ನಿಲ್ಲುವುದೇ ಇಲ್ಲ. ಪಟಾಕಿಯ ಸದ್ದಿಗೆ, ಡೀಸೆಲ್ ವಾಸನೆಗೆ, ಬೆನ್ನ ಹಿಂದೆ ಯಾರೋ ನಡೆದು ಬಂದ ಸಪ್ಪಳಕ್ಕೆ ಮತ್ತೆ ಮತ್ತೆ ಮೊಳಗುತ್ತದೆ. ಇದರ ಲಕ್ಷಣಗಳು ನಾಲ್ಕು ಬಗೆ:

1. ಬೇಡವೆಂದರೂ ಆ ಘಟನೆ ಕಣ್ಣ ಮುಂದೆ ಬರುವುದು, ಕೆಟ್ಟ ಕನಸು.
2. ಅದನ್ನು ನೆನಪಿಸುವ ಜಾಗ, ಜನ, ಮಾತನ್ನು ತಪ್ಪಿಸುವುದು.
3. ಮನಸ್ಸು ಮರಗಟ್ಟುವುದು. ಹೆಂಡತಿ ಮಕ್ಕಳ ಮೇಲೂ ಪ್ರೀತಿ ಬಾರದಿರುವುದು, "ನನ್ನದೇ ತಪ್ಪು" ಎಂಬ ಭಾವ.
4. ಸದಾ ಎಚ್ಚರ. ನಿದ್ದೆಯಿಲ್ಲ, ಸಣ್ಣದಕ್ಕೂ ಬೆಚ್ಚುವುದು, ಸಿಟ್ಟು.

ಒಂದು ತಿಂಗಳಿಗಿಂತ ಹೆಚ್ಚು ಕಾಲ ಇವು ಉಳಿದು, ಕೆಲಸಕ್ಕೂ ಸಂಸಾರಕ್ಕೂ ಅಡ್ಡಿಯಾದರೆ ಅದು ಕಾಯಿಲೆ. ಇದು ದೌರ್ಬಲ್ಯವಲ್ಲ, ಹುಚ್ಚೂ ಅಲ್ಲ. "ಮನಸ್ಸಿನದು, ಹೃದಯಕ್ಕೇನು?" ಎಂದೂ ಬಿಡುವಂತಿಲ್ಲ. ವರ್ಷಗಟ್ಟಲೆ ಅಡ್ರಿನಲಿನ್‌ನಲ್ಲಿ ನೆನೆದ ರಕ್ತನಾಳ ಗಟ್ಟಿಯಾಗುತ್ತದೆ. ಜೊತೆಗೆ ಸಿಗರೇಟು, ಗುಟ್ಕಾ, ಕುಡಿತ, ನಿದ್ದೆಗೇಡು ಸೇರುತ್ತವೆ. ಪಿಟಿಎಸ್‌ಡಿ ಇರುವವರಿಗೆ ಮುಂದೆ ಹೃದಯಾಘಾತದ ಅಪಾಯ ಹೆಚ್ಚು ಎಂದು ಹಲವು ಅಧ್ಯಯನಗಳು ತೋರಿಸಿವೆ. ಅಂದರೆ ಆ ರಾತ್ರಿ ನನ್ನ ಇಸಿಜಿ ಕಾಗದ ಹೇಳಿದ್ದು ಸುಳ್ಳಲ್ಲ. "ಏನೂ ಆಗಿಲ್ಲ" ಎಂದು ನಾನು ಹೇಳಿದ್ದು ಸುಳ್ಳು.

*ಗೇಟಿನ ಪಕ್ಕದ ಕಾಳ್ಯಾ*

ಹೆಂಡತಿ ಹೇಳಿದ ಮೇಲೆ ಅವರನ್ನು ಮತ್ತೆ ಕರೆಸಿ, ಆ ದಿನ ಕೊನೆಯ ಪೇಷಂಟಾಗಿ ಕೂರಿಸಿಕೊಂಡೆ. ಕಾಶ್ಮೀರದ ಕಣಿವೆಯಲ್ಲಿ ಆದದ್ದನ್ನು ಅವರು ಹೇಳಿದರು. ಅದನ್ನು ನಾನು ಬರೆಯುವುದಿಲ್ಲ, ಅದು ಅವರದು. ಆದರೆ ಅವರಾಡಿದ ಒಂದು ಮಾತನ್ನು ಮರೆಯಲಾರೆ. "ಮನ್ಯಾಗ ನಿದ್ದಿ ಬರಂಗಿಲ್ಲ" ಎಂದರು. "ಮತ್ತೆ ಎಲ್ಲಿ ಬರುತ್ತದೆ?" ಎಂದು ಕೇಳಿದೆ.

"ನೈಟ್ ಡ್ಯೂಟಿ ಮುಗಿದ ಮ್ಯಾಲೆ ಗೇಟಿನ ಹೊರಗ ಒಂದು ಕಟ್ಟಿ ಐತ್ರಿ. ಅಲ್ಲೊಂದು ಬೀದಿನಾಯಿ ಐತಿ, ಕಾಳ್ಯಾ ಅಂತ. ಅದು ಕಾಲ ಹತ್ರ ಬಂದು ಕುಂದರತೈತಿ. ಅಲ್ಲಿ ಒಂದು ತಾಸು ನಿದ್ದಿ ಬರತೈತ್ರಿ. ಅದು ಎಚ್ಚರ ಇರ್ತೈತಿ ನೋಡ್ರಿ, ಅದಕ್ಕ ನಾ ಕಣ್ಣು ಮುಚ್ಚಬೌದು."

ನಾನು ಓದಿದ ಯಾವ ಪುಸ್ತಕವೂ ಇಷ್ಟು ಸರಳವಾಗಿ ಹೇಳಿರಲಿಲ್ಲ. ಇಪ್ಪತ್ತನಾಲ್ಕು ತಾಸು ಕಾವಲು ನಿಂತ ಮನುಷ್ಯ ಕಾವಲನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಮಾತ್ರ ಮಲಗಬಲ್ಲ. ಇದೇ ತತ್ವದ ಮೇಲೆ ಹೊರದೇಶಗಳಲ್ಲಿ ಒಂದು ಚಿಕಿತ್ಸೆಯೇ ಬೆಳೆದಿದೆ. ಅದರಲ್ಲಿ ನಾನು ಮತ್ತೆ ಮತ್ತೆ ನೆನೆಯುವ ಕಥೆ ಬ್ರಿಟನ್ನಿನ ಅಲನ್ ಪಾರ್ಟನ್ ಅವರದು.

*ಅಲನ್ ಮತ್ತು ಎಂಡಾಲ್*

ಅಲನ್ ಬ್ರಿಟನ್ನಿನ ರಾಯಲ್ ನೇವಿಯಲ್ಲಿ ಅಧಿಕಾರಿ. 1991ರಲ್ಲಿ ಕೊಲ್ಲಿ ಯುದ್ಧದ ಸಮಯದಲ್ಲಿ ರಸ್ತೆ ಅಪಘಾತವಾಗಿ ತಲೆಗೆ ಭಾರೀ ಪೆಟ್ಟು ಬಿತ್ತು. ಎಚ್ಚರವಾದಾಗ ನಡೆಯಲು ಬರುತ್ತಿರಲಿಲ್ಲ, ಮಾತು ಹೋಗಿತ್ತು. ನೆನಪಿನ ದೊಡ್ಡ ಭಾಗವೇ ಅಳಿಸಿಹೋಗಿತ್ತು. ಹೆಂಡತಿ ಸಾಂಡ್ರಾ ಎದುರಿಗೆ ನಿಂತರೆ ಯಾರೆಂದು ತಿಳಿಯದು. ತನಗೆ ಇಬ್ಬರು ಮಕ್ಕಳಿದ್ದಾರೆ ಎಂಬುದೂ ನೆನಪಿಲ್ಲ. ವರ್ಷಗಟ್ಟಲೆ ಆಸ್ಪತ್ರೆ. ಸಿಟ್ಟು, ಮೌನ, ಬದುಕೇ ಬೇಡವೆನ್ನುವ ಸ್ಥಿತಿ.

ಸಾಂಡ್ರಾ ಅಂಗವಿಕಲರಿಗೆ ನೆರವಾಗುವ ನಾಯಿಗಳನ್ನು ತಯಾರು ಮಾಡುವ ಒಂದು ಸಂಸ್ಥೆಯಲ್ಲಿ ಸ್ವಯಂಸೇವಕಿಯಾಗಿದ್ದರು. ಒಂದು ದಿನ ಅಲನ್‌ನನ್ನು ಕರೆದೊಯ್ಯಬೇಕಾದ ಬಸ್ಸು ಬರಲಿಲ್ಲ. ಬೇರೆ ದಾರಿಯಿಲ್ಲದೆ ಅವರನ್ನೂ ನಾಯಿ ತರಬೇತಿಗೆ ಕರೆದುಕೊಂಡು ಹೋದರು. ಅಲ್ಲಿ ಎಂಡಾಲ್ ಎಂಬ ಹಳದಿ ಲ್ಯಾಬ್ರಡಾರ್ ಇತ್ತು. ಕಾಲಿನ ಕೀಲುಗಳಲ್ಲಿ ತೊಂದರೆ ಇದ್ದುದರಿಂದ ಕೆಲಸಕ್ಕೆ ಬರುವ ನಾಯಿ ಎಂಬ ಭರವಸೆ ಯಾರಿಗೂ ಇರಲಿಲ್ಲ. ಗಾಲಿಕುರ್ಚಿಯಲ್ಲಿ ಬಿಗಿದುಕೊಂಡು ಕೂತಿದ್ದ ಈ ಮನುಷ್ಯನ ಹತ್ತಿರ ಅದು ತಾನಾಗಿ ಬಂತು. ಕಂಡ ಸಾಮಾನನ್ನೆಲ್ಲ ಬಾಯಲ್ಲಿ ಕಚ್ಚಿ ತಂದು ಅವರ ತೊಡೆಯ ಮೇಲೆ ಹಾಕತೊಡಗಿತು. ಅಲನ್ ನಕ್ಕರು. ಎಷ್ಟೋ ವರ್ಷಗಳ ನಂತರದ ನಗು ಅದು.

ಅವರಿಗೆ ಪದಗಳು ನೆನಪಾಗುತ್ತಿರಲಿಲ್ಲ. ಟೋಪಿ ಬೇಕಾದರೆ ತಲೆ ಮುಟ್ಟುತ್ತಿದ್ದರು, ಕೈಗವಸು ಬೇಕಾದರೆ ಅಂಗೈ ಮುಟ್ಟುತ್ತಿದ್ದರು. ಎಂಡಾಲ್ ಆ ಸನ್ನೆಗಳನ್ನೇ ಭಾಷೆಯಾಗಿ ಕಲಿಯಿತು. ಇಂಥ ನೂರಾರು ಸೂಚನೆಗಳನ್ನು ಅದು ಅರ್ಥ ಮಾಡಿಕೊಳ್ಳುತ್ತಿತ್ತು. ಎಟಿಎಂನಿಂದ ಕಾರ್ಡು, ದುಡ್ಡು ತೆಗೆದು ಕೊಡುತ್ತಿತ್ತು. ಅಂಗಡಿಯಲ್ಲಿ ಸಾಮಾನು ಎತ್ತಿ ಕೊಡುತ್ತಿತ್ತು. ನಾಯಿಯ ಜೊತೆ ಮಾತಾಡುವ ಆಸೆಯಿಂದಲೇ ಅಲನ್‌ಗೆ ನಿಧಾನವಾಗಿ ಮಾತು ಮರಳಿತು. ನಾಯಿಯ ಮೂಲಕ ಹೆಂಡತಿ, ಹೆಂಡತಿಯ ಮೂಲಕ ಮಕ್ಕಳು. ಮೊದಲ ಮದುವೆಯ ನೆನಪೇ ಇಲ್ಲದ ಅಲನ್, ಸಾಂಡ್ರಾರನ್ನೇ ಮತ್ತೊಮ್ಮೆ ಮದುವೆಯಾದರು.

2001ರಲ್ಲಿ ಒಂದು ಹೋಟೆಲಿನ ಪಾರ್ಕಿಂಗಿನಲ್ಲಿ ಕಾರು ಬಡಿದು ಅಲನ್ ಗಾಲಿಕುರ್ಚಿಯಿಂದ ಬಿದ್ದು ಪ್ರಜ್ಞೆ ತಪ್ಪಿದರು. ಎಂಡಾಲ್ ಅವರನ್ನು ಎಳೆದು, ಉಸಿರಾಟಕ್ಕೆ ತೊಂದರೆಯಾಗದಂತೆ ಪಕ್ಕಕ್ಕೆ ಹೊರಳಿಸಿತು. ಕಂಬಳಿ ಎಳೆದು ಹೊದೆಸಿತು. ಬಿದ್ದಿದ್ದ ಮೊಬೈಲನ್ನು ಹುಡುಕಿ ಮುಖದ ಹತ್ತಿರ ಇಟ್ಟಿತು. ಆಮೇಲೆ ಹೋಟೆಲಿಗೆ ಓಡಿ ಜನರನ್ನು ಕರೆತಂದಿತು. ಪ್ರಜ್ಞೆ ತಪ್ಪಿದವರನ್ನು ಪಕ್ಕಕ್ಕೆ ಹೊರಳಿಸಬೇಕು ಎಂಬುದನ್ನು ನಾನು ಪ್ರತಿ ಕ್ಯಾಂಪಿನಲ್ಲಿ ಹೇಳುತ್ತೇನೆ, ಎಷ್ಟೋ ಜನ ಮರೆಯುತ್ತಾರೆ. ಆ ನಾಯಿ ಮರೆಯಲಿಲ್ಲ! 2002ರಲ್ಲಿ ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆ ಪಿಡಿಎಸ್ಎ ಅದಕ್ಕೆ ಚಿನ್ನದ ಪದಕ ಕೊಟ್ಟಿತು.

2009ರ ಮಾರ್ಚಿನಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ ಎಂಡಾಲ್ ತೀರಿಕೊಂಡಿತು. ಅಲನ್ ಮತ್ತೆ ಮಂಕಾಗಿ ಮೂಲೆ ಸೇರಬಹುದಿತ್ತು. ಸೇರಲಿಲ್ಲ. ಮರುವರ್ಷ, 2010ರಲ್ಲಿ 'ಹೌಂಡ್ಸ್ ಫಾರ್ ಹೀರೋಸ್' ಎಂಬ ಸಂಸ್ಥೆ ಕಟ್ಟಿದರು. ಗಾಯಗೊಂಡ ಸೈನಿಕರಿಗೆ, ಜೊತೆಗೆ ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್ ಸೇವೆಯಲ್ಲಿ ಅಂಗವಿಕಲರಾದವರಿಗೆ ತರಬೇತಿ ಪಡೆದ ನಾಯಿ ಕೊಡುವ ಸಂಸ್ಥೆ. ತನ್ನನ್ನು ಎತ್ತಿ ನಿಲ್ಲಿಸಿದ್ದನ್ನು ಇನ್ನೊಬ್ಬರ ಮನೆ ಬಾಗಿಲಿಗೆ ಮುಟ್ಟಿಸುವ ಕೆಲಸ ಅವರ ಬದುಕಾಯಿತು. ಚಿಕಿತ್ಸೆ ಪಡೆದವನೇ ಚಿಕಿತ್ಸೆ ಹಂಚುವವನಾದ.

ಅಮೆರಿಕದಲ್ಲೂ ಇಂಥದೇ ಕಥೆಯಿದೆ. ಇರಾಕ್‌ನಿಂದ ಮರಳಿದ ಮಗ ಬ್ರೆಟ್ ಸೈಮನ್ ಪಿಟಿಎಸ್‌ಡಿಯಿಂದ ನರಳುವುದನ್ನು ನೋಡಿದ ತಾಯಿ ಶಾರಿ ಡುವಾಲ್, ನಾಯಿಯಿಂದ ಅವನು ಚೇತರಿಸಿಕೊಂಡದ್ದನ್ನು ಕಂಡು, 2011ರಲ್ಲಿ ಫ್ಲಾರಿಡಾದಲ್ಲಿ 'ಕೆ9ಸ್ ಫಾರ್ ವಾರಿಯರ್ಸ್' ಶುರು ಮಾಡಿದರು. 2021ರಲ್ಲಿ ಅಲ್ಲಿನ ಸರ್ಕಾರ, ಮಾಜಿ ಸೈನಿಕರು ನಾಯಿಗಳಿಗೆ ತರಬೇತಿ ಕೊಡುವುದನ್ನೇ ಚಿಕಿತ್ಸೆಯ ಭಾಗವಾಗಿಸುವ ಕಾನೂನು ತಂದಿತು.

*ಸೇವಾ ನಾಯಿ ಏನು ಮಾಡುತ್ತದೆ?*

ಮುದ್ದಿಗೆ ಸಾಕುವ ನಾಯಿ ಬೇರೆ, ಸೇವಾ ನಾಯಿ ಬೇರೆ. ಸೇವಾ ನಾಯಿಗೆ ಒಂದೂವರೆ ಎರಡು ವರ್ಷದ ತರಬೇತಿ ಇರುತ್ತದೆ. ಹೆಚ್ಚಾಗಿ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್. ಯಜಮಾನ ಕೆಟ್ಟ ಕನಸಿನಲ್ಲಿ ಒದ್ದಾಡಿದರೆ ಮೂತಿಯಿಂದ ತಿವಿದು ಎಬ್ಬಿಸುತ್ತದೆ. ಗುಂಪಿನಲ್ಲಿ ಗಾಬರಿಯಾದರೆ ಜನರಿಗೂ ಅವರಿಗೂ ನಡುವೆ ನಿಂತು ಜಾಗ ಮಾಡುತ್ತದೆ. ಸಾಲಿನಲ್ಲಿ ನಿಂತಾಗ ಬೆನ್ನ ಹಿಂದೆ ಕೂತು ಕಾಯುತ್ತದೆ. ಎದೆಬಡಿತ ಏರಿದಾಗ ತೊಡೆಯ ಮೇಲೆ ಭಾರ ಹಾಕಿ ಒರಗುತ್ತದೆ. ಔಷಧಿ ಡಬ್ಬಿ ತಂದುಕೊಡುತ್ತದೆ.

2024ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 156 ಮಾಜಿ ಸೈನಿಕರನ್ನು ಗಮನಿಸಿದ್ದರು. ಎಲ್ಲರಿಗೂ ಮಾಮೂಲಿ ಚಿಕಿತ್ಸೆ ಲಭ್ಯವಿತ್ತು. ಕೆಲವರಿಗೆ ಜೊತೆಯಲ್ಲಿ ಸೇವಾ ನಾಯಿಯೂ ಸಿಕ್ಕಿತ್ತು, ಉಳಿದವರು ಕಾಯುವ ಪಟ್ಟಿಯಲ್ಲಿದ್ದರು. ಮೂರು ತಿಂಗಳ ನಂತರ ನಾಯಿ ಸಿಕ್ಕವರಲ್ಲಿ ಪಿಟಿಎಸ್‌ಡಿ ಲಕ್ಷಣಗಳು, ಆತಂಕ, ಖಿನ್ನತೆ ಕಡಿಮೆ ಇದ್ದವು. ನಾಯಿ ಚಿಕಿತ್ಸೆಯ *ಜೊತೆಗೆ* ಇತ್ತು, ಚಿಕಿತ್ಸೆಯ *ಬದಲಿಗೆ* ಅಲ್ಲ. ಈ ಸಾಲನ್ನು ನೆನಪಿಡಿ.

*ಹೃದಯಕ್ಕೆ ನಾಯಿಯಿಂದ ಏನು ಲಾಭ?*

1980ರಲ್ಲಿ ಅಮೆರಿಕದಲ್ಲಿ ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದ್ದ 92 ರೋಗಿಗಳ ಬಗ್ಗೆ ಒಂದು ವರದಿ ಬಂತು. ಮನೆಯಲ್ಲಿ ಸಾಕುಪ್ರಾಣಿ ಇದ್ದ 53 ಜನರಲ್ಲಿ ಒಂದು ವರ್ಷದೊಳಗೆ ತೀರಿಕೊಂಡವರು 3. ಇಲ್ಲದ 39 ಜನರಲ್ಲಿ 11. 2017ರಲ್ಲಿ ಸ್ವೀಡನ್‌ನಲ್ಲಿ 34 ಲಕ್ಷ ಜನರ ಹನ್ನೆರಡು ವರ್ಷದ ದಾಖಲೆ ನೋಡಿದಾಗ, ಒಂಟಿಯಾಗಿ ಬದುಕುವವರಲ್ಲಿ ನಾಯಿ ಸಾಕಿದವರ ಸಾವಿನ ಅಪಾಯ ಶೇಕಡ 33ರಷ್ಟು ಕಡಿಮೆ ಕಂಡಿತು. ಗಮನಿಸಿ, ಒಂಟಿಯಾಗಿ ಬದುಕುವವರಲ್ಲಿ.

ಇದನ್ನು ಓದಿ ನಾಳೆಯೇ ನಾಯಿ ತರಲು ಹೊರಡಬೇಡಿ. ಆರೋಗ್ಯವಾಗಿರುವವರೇ ನಾಯಿ ಸಾಕುತ್ತಿರಬಹುದು, ಆದ್ದರಿಂದ ಇದನ್ನು ಪೂರ್ತಿ ನಾಯಿಯ ಪುಣ್ಯ ಎನ್ನಲಾಗದು. ಆದರೆ ದಾರಿ ಸ್ಪಷ್ಟವಿದೆ. ನಾಯಿ ಇದ್ದರೆ ದಿನಾ ನಡೆಯಲೇಬೇಕು. ಒಂಟಿತನ ಕಡಿಮೆ. ಮೈದಡವಿದಾಗ ಬಿಪಿ, ನಾಡಿಬಡಿತ ಇಳಿಯುತ್ತವೆ. 2015ರಲ್ಲಿ ಜಪಾನಿನ ವಿಜ್ಞಾನಿಗಳು, ಯಜಮಾನ ಮತ್ತು ನಾಯಿ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಏರುತ್ತದೆ ಎಂದು ತೋರಿಸಿದರು. ತಾಯಿ ಮಗುವಿಗೆ ಹಾಲೂಡಿಸುವಾಗ ಹರಿಯುವ ಹಾರ್ಮೋನು ಅದು.

*ಇದು ಹೊಸದಲ್ಲ, ನಮ್ಮದೇ*

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ವೀರಗಲ್ಲು ಸಿಕ್ಕಿದೆ. ಗಂಗರ ಬೂತುಗ, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ತಕ್ಕೋಲದಲ್ಲಿ ಚೋಳರ ವಿರುದ್ಧ ಯುದ್ಧ ಮಾಡಿದ. ಅದರಲ್ಲಿ ಮಣಲೆರ ಎಂಬ ವೀರ ಪರಾಕ್ರಮ ತೋರಿಸಿದ. ಮೆಚ್ಚಿದ ದೊರೆ "ಏನು ಬೇಕೋ ಕೇಳು" ಎಂದಾಗ, ಅವನು ಹೊನ್ನು ಕೇಳಲಿಲ್ಲ, ಊರು ಕೇಳಲಿಲ್ಲ. 'ಕಾಳಿ' ಎಂಬ ನಾಯಿಯನ್ನು ಕೇಳಿದ. ಮುಂದೆ ಆ ಕಾಳಿ ದೊಡ್ಡ ಕಾಡುಹಂದಿಯೊಂದಿಗೆ ಕಾದಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಯುದ್ಧ ಮುಗಿಸಿ ಬಂದ ಸೈನಿಕ ಬಹುಮಾನವಾಗಿ ನಾಯಿಯನ್ನೇ ಏಕೆ ಕೇಳಿದ? ಕಾಳ್ಯಾನ ಗೆಳೆಯ ನನ್ನ ಎದುರು ಕೂತ ಮೇಲೆ ನನಗೆ ಆ ಪ್ರಶ್ನೆ ಬೇರೆಯಾಗಿಯೇ ಕೇಳಿಸುತ್ತದೆ.

ನಮ್ಮ ಮೈಲಾರಲಿಂಗನ ಜೊತೆ ನಾಯಿ ಇದೆ, ಇಲ್ಲಿನ ಜೇಜುರಿಯ ಖಂಡೋಬನ ಜೊತೆಯೂ ಇದೆ. ಗಾಣಗಾಪುರದ ದತ್ತನ ಪಾದದ ಬಳಿಯೂ ನಾಯಿಗಳಿವೆ. ನಾವು ಕೈಮುಗಿಯುವ ದೇವರೆಲ್ಲ ನಾಯಿಯನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ!

ನಮ್ಮ ಬಾಗಲಕೋಟೆಯ ಮುಧೋಳ ನಾಯಿಯೂ ಸೈನ್ಯಕ್ಕೆ ಹೋಗಿದೆ. 2016ರಲ್ಲಿ ಮುಧೋಳ ತಾಲ್ಲೂಕಿನ ತಿಮ್ಮಾಪುರದ ಸಂಶೋಧನಾ ಕೇಂದ್ರದಿಂದ ಮರಿಗಳನ್ನು ಮೀರತ್‌ನಲ್ಲಿರುವ ಸೇನೆಯ ತರಬೇತಿ ಕೇಂದ್ರಕ್ಕೆ ಕಳಿಸಲಾಯಿತು. ಆದರೆ ಒಂದು ಎಚ್ಚರಿಕೆ. ಮುಧೋಳ ಬಯಲಿನಲ್ಲಿ ಓಡುವ ಬೇಟೆನಾಯಿ. ಊರಿನ ಅಭಿಮಾನಕ್ಕೆಂದು ಇಲ್ಲಿಯ ಒಂದು ಕೋಣೆಯ ಮನೆಯಲ್ಲಿ ತಂದು ಕಟ್ಟಿಹಾಕಬೇಡಿ. ಅದಕ್ಕೂ ಹಿಂಸೆ, ನಿಮಗೂ ಹಿಂಸೆ.

*ನಮ್ಮ ಪಕ್ಕದಲ್ಲೇ, ಖಡಕಿಯಲ್ಲಿ*

ಗಾಯಗೊಂಡ ಸೈನಿಕರು ಮತ್ತೆ ಬದುಕು ಕಟ್ಟಿಕೊಂಡ ಕಥೆಗೆ ಬ್ರಿಟನ್ನಿನವರೆಗೆ ಹೋಗಬೇಕಾಗಿಲ್ಲ. ಪುಣೆಯಲ್ಲಿ 1944ರಿಂದ ಸೇನೆಯ ಕೃತಕ ಅವಯವ ಕೇಂದ್ರವಿದೆ. ಖಡಕಿಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರ ಪುನರ್ವಸತಿ ಕೇಂದ್ರವಿದೆ. ಅಲ್ಲಿಯ ಕೆಲವರು ಬಾಯಲ್ಲಿ ಕುಂಚ ಹಿಡಿದು ಚಿತ್ರ ಬರೆಯುತ್ತಾರೆ, ಗಾಲಿಕುರ್ಚಿಯಲ್ಲೇ ಬ್ಯಾಸ್ಕೆಟ್‌ಬಾಲ್ ಆಡುತ್ತಾರೆ.

ಮುರಳಿಕಾಂತ ಪೇಟ್ಕರ್ ಹೆಸರು ಕೇಳಿರುತ್ತೀರಿ. ಸಾಂಗಲಿ ಜಿಲ್ಲೆಯವರು, ಸೈನ್ಯದಲ್ಲಿ ಬಾಕ್ಸರ್. 1965ರ ಯುದ್ಧದಲ್ಲಿ ಗುಂಡೇಟುಗಳಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಚಿಕಿತ್ಸೆಗೆಂದು ನೀರಿಗಿಳಿದವರು ಈಜುಗಾರರಾದರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಈಜಿನಲ್ಲಿ ಭಾರತದ ಮೊದಲ ಪ್ಯಾರಾಲಿಂಪಿಕ್ ಚಿನ್ನ ಗೆದ್ದರು. ಆಮೇಲೆ ಪುಣೆಯ ಟೆಲ್ಕೋದಲ್ಲಿ ನೌಕರಿ ಮಾಡಿದರು. ಪದ್ಮಶ್ರೀ ಬಂದದ್ದು 2018ರಲ್ಲಿ. ಅಲನ್‌ಗೆ ನಾಯಿ ಹೇಗೋ ಪೇಟ್ಕರ್‌ಗೆ ನೀರು ಹಾಗೆ. ಕೈಹಿಡಿದು ಎತ್ತುವುದು ಏನಾದರೂ ಒಂದು ಬೇಕು.

*ಸೈನಿಕರಿಗೆ ಮಾತ್ರವಲ್ಲ*

ಈಗ ನಮ್ಮ ಮನೆಯ ಮಾತಿಗೆ ಬರೋಣ. ಚಾಕಣ, ಮಹಾಳುಂಗೆ, ನಿಘೋಜೆ, ಖರಾಬವಾಡಿಯಲ್ಲಿ ದುಡಿಯುವ ನಮ್ಮ ಹುಡುಗರಲ್ಲಿ ಪ್ರೆಸ್ ಮಶೀನಿಗೆ ಬೆರಳು ಕೊಟ್ಟವರಿದ್ದಾರೆ. ಪಕ್ಕದಲ್ಲಿ ನಿಂತು ಅದನ್ನು ನೋಡಿದವರೂ ಇದ್ದಾರೆ. ನಾಸಿಕ್ ರಸ್ತೆಯಲ್ಲಿ ಗೆಳೆಯನ ಬೈಕ್ ಟ್ರಕ್ಕಿನಡಿ ಹೋದದ್ದನ್ನು ಕಂಡವರಿದ್ದಾರೆ. ಕೋವಿಡ್‌ನಲ್ಲಿ ಅಪ್ಪನ ಮುಖ ನೋಡಲಾಗದೆ ಕಳಿಸಿಕೊಟ್ಟವರಿದ್ದಾರೆ. ಇವರೂ ರಾತ್ರಿ ಎದೆ ಹಿಡಿದುಕೊಂಡು ಬರುತ್ತಾರೆ. ಇಸಿಜಿ ನಾರ್ಮಲ್ ಇರುತ್ತದೆ.

ಊರಿನಿಂದ ದೂರ ಇರುವವರಿಗೆ ಇನ್ನೊಂದು ಕಷ್ಟ. ನೋವನ್ನು ಪರಭಾಷೆಯಲ್ಲಿ ಹೇಳಬೇಕು. "ಸೀನೇ ಮೇ ದರ್ದ್" ಎಂದು ಹಿಂದಿಯಲ್ಲಿ ಹೇಳಿ ಮುಗಿಸುವವರು, "ಎದ್ಯಾಗ ಏನೋ ಕುಂತಂಗ ಆಗೈತಿ" ಎಂದು ಕನ್ನಡದಲ್ಲಿ ಹೇಳಲು ಶುರು ಮಾಡಿದರೆ ಅರ್ಧ ತಾಸು ಮಾತಾಡುತ್ತಾರೆ. ಆ ಅರ್ಧ ತಾಸಿನಲ್ಲಿ ಕಾಯಿಲೆ ಸಿಗುತ್ತದೆ.

*ಏನು ಮಾಡಬೇಕು?*

✅ ಎದೆನೋವನ್ನು ಮೊದಲು ಹೃದಯದ್ದೆಂದೇ ತಿಳಿಯಿರಿ. ಎದೆ ಹಿಂಡಿದಂತೆ ನೋವು, ಎಡಗೈ, ದವಡೆ ಅಥವಾ ಬೆನ್ನಿಗೆ ಹರಡುವುದು, ತಣ್ಣನೆ ಬೆವರು, ವಾಂತಿ, ಉಸಿರುಕಟ್ಟುವುದು ಇದ್ದರೆ 108ಕ್ಕೆ ಕರೆ ಮಾಡಿ. "ಟೆನ್ಷನ್ ಇರಬೇಕು" ಎಂದು ಮನೆಯಲ್ಲಿ ಕೂರಬೇಡಿ. ಇಸಿಜಿ ನೋಡಿದ ಮೇಲೆ ವೈದ್ಯರು ತೀರ್ಮಾನಿಸಲಿ.

✅ ಪರೀಕ್ಷೆಗಳೆಲ್ಲ ನಾರ್ಮಲ್ ಬಂದೂ ತೊಂದರೆ ಉಳಿದರೆ, "ಈ ಹಿಂದೆ ದೊಡ್ಡ ಆಘಾತವಾಗಿತ್ತು" ಎಂದು ವೈದ್ಯರಿಗೆ ನೀವಾಗಿಯೇ ಹೇಳಿ. ನಾವು ಕೇಳುವುದನ್ನು ಮರೆಯಬಹುದು. ನಾನು ಮರೆತಿದ್ದೆ.

✅ ಪಿಟಿಎಸ್‌ಡಿಗೆ ಒಳ್ಳೆಯ ಚಿಕಿತ್ಸೆ ಇದೆ. ಆಘಾತವನ್ನೇ ಗುರಿಯಾಗಿಸಿದ ಆಪ್ತಸಮಾಲೋಚನೆ ಮೊದಲನೆಯದು, ಬೇಕಾದರೆ ಮನೋವೈದ್ಯರು ಮಾತ್ರೆ ಕೊಡುತ್ತಾರೆ. ಮೆಡಿಕಲ್ ಅಂಗಡಿಯಿಂದ ನಿದ್ದೆಮಾತ್ರೆ ತಂದು ನುಂಗಬೇಡಿ. ಕುಡಿತ ನಿದ್ದೆ ಕೊಡುವುದಿಲ್ಲ, ಕದಿಯುತ್ತದೆ.

✅ *ಟೆಲಿ ಮನಸ್ 14416*. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಉಚಿತ ಸಹಾಯವಾಣಿ, ದಿನದ 24 ತಾಸೂ ಇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. ಕನ್ನಡದಲ್ಲೇ ಮಾತಾಡಬೇಕು ಎಂದು ಕೇಳಿ. ಬದುಕು ಬೇಡವೆನಿಸಿದ ಕ್ಷಣದಲ್ಲಿ ಯಾರಿಗೂ ಹೇಳಲಾಗದಿದ್ದರೆ ಈ ನಂಬರಿಗೆ ಹೇಳಿ. ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

✅ ಮಾಜಿ ಸೈನಿಕರು ತಮ್ಮ ಇಸಿಎಚ್ಎಸ್ ಕಾರ್ಡಿನಲ್ಲಿ, ಕಾರ್ಮಿಕರು ಇಎಸ್ಐ ಕಾರ್ಡಿನಲ್ಲಿ ಮನಸ್ಸಿನ ಕಾಯಿಲೆಗೂ ಚಿಕಿತ್ಸೆ ಕೇಳಬಹುದು. ಬರೀ ಗಾಯಕ್ಕಲ್ಲ.

✅ ಮನೆಯವರಿಗೆ: "ಗಂಡಸಾಗಿ ಹೆದರ್ತೀಯಾ?" ಎನ್ನಬೇಡಿ. ಮಲಗಿದವರನ್ನು ದೂರದಿಂದ ಹೆಸರು ಹಿಡಿದು ಎಬ್ಬಿಸಿ, ಮೈ ಅಲುಗಾಡಿಸಬೇಡಿ. ಹೇಳುವವರೆಗೆ ಕೆದಕಬೇಡಿ, ಹೇಳಿದಾಗ ಕೇಳಿ.

*ನಾಯಿಯ ಹತ್ತಿರ ಹೋಗುವ ಮುನ್ನ*

ಬೀದಿನಾಯಿಯ ಮೇಲೆ ಪ್ರೀತಿ ಇರಲಿ, ಎಚ್ಚರವೂ ಇರಲಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೆಂದೇ ಹೇಳಬೇಕು. ನಾಯಿ ಕಚ್ಚಿದರೆ, ಪರಚಿದರೆ, ಗಾಯದ ಮೇಲೆ ನೆಕ್ಕಿದರೆ, ತಕ್ಷಣ ನಲ್ಲಿ ನೀರು ಬಿಟ್ಟು ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಖಾರದ ಪುಡಿ, ಸುಣ್ಣ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚುಚ್ಚುಮದ್ದಿನ ಎಲ್ಲ ಡೋಸುಗಳನ್ನೂ ಹೇಳಿದ ದಿನಕ್ಕೇ ಮುಗಿಸಿ. ಓಣಿಯ ನಾಯಿಗೂ ಲಸಿಕೆ ಹಾಕಿಸಿ.

*ಕೊನೆಯ ಮಾತು*

ನಮ್ಮ ಮಾಜಿ ಸೈನಿಕರು ಮನೋವೈದ್ಯರ ಬಳಿ ಹೋದರು. ಎಂಟು ತಿಂಗಳು ಚಿಕಿತ್ಸೆ ಪಡೆದರು. ನಡುವೆ ಎರಡು ಸಲ ಬಿಟ್ಟರು, ಹೆಂಡತಿ ಮತ್ತೆ ಕರೆದುಕೊಂಡು ಹೋದರು. ಕುಡಿತ ನಿಂತಿದೆ. ಬಿಪಿ ಹಿಡಿತದಲ್ಲಿದೆ. ಕೆಟ್ಟ ಕನಸು ಪೂರ್ತಿ ಹೋಗಿಲ್ಲ, ವಾರಕ್ಕೊಮ್ಮೆ ಬರುತ್ತದೆ. ಕಾಳ್ಯಾನಿಗೆ ಲಸಿಕೆ ಹಾಕಿಸಿ, ಕೊರಳಿಗೆ ಪಟ್ಟಿ ಕಟ್ಟಿದ್ದಾರೆ. ಅದು ಸೇವಾ ನಾಯಿಯಲ್ಲ, ಯಾವ ತರಬೇತಿಯೂ ಅದಕ್ಕಿಲ್ಲ. ಆದರೂ ತನ್ನ ಕೆಲಸ ಅದಕ್ಕೆ ಗೊತ್ತು.

ಹೋದ ಗಣಪತಿ ಹಬ್ಬದಲ್ಲಿ ಅವರೊಂದು ಕೆಲಸ ಮಾಡಿದರು. ಅದೇ ಕಾರ್ಖಾನೆಯಲ್ಲಿ ಎರಡು ಬೆರಳು ಕಳೆದುಕೊಂಡ ಕಲಬುರಗಿಯ ಹುಡುಗನೊಬ್ಬ ರೂಮು ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಅವನನ್ನು ವಿಸರ್ಜನೆಯ ರಾತ್ರಿ ಸದ್ದಿನಿಂದ ದೂರ, ಗೇಟಿನ ಕಟ್ಟೆಗೆ ಕರೆದುಕೊಂಡು ಬಂದು ಕೂರಿಸಿದರು. ನಡುವೆ ಕಾಳ್ಯಾ. ಮುಂದಿನ ವಾರ ಆ ಹುಡುಗನನ್ನು ನನ್ನ ಹತ್ತಿರ ಕರೆತಂದವರೂ ಅವರೇ. "ಸರ್, ಇವನ ಇಸಿಜಿ ನಾರ್ಮಲ್ ಬಂದ್ರ ಮನೀಗೆ ಕಳಸಬ್ಯಾಡ್ರಿ, ಸ್ವಲ್ಪ ಮಾತಾಡ್ರಿ" ಎಂದರು.

ಮಾತಾಡಿದೆ. ಇಸಿಜಿ ನಾರ್ಮಲ್ ಇತ್ತು.

ನಿಮಗೆ ಗೊತ್ತಿರುವ ಮಾಜಿ ಸೈನಿಕರಿಗೆ, ಅಪಘಾತವಾದ ಕಾರ್ಮಿಕರಿಗೆ, ಅವರ ಮನೆಯವರಿಗೆ ಈ ಲೇಖನ ಕಳಿಸಿ. ಓದಲು ಬಾರದವರಿಗೆ ಓದಿ ಹೇಳಿ. ಇದು ಮಾಹಿತಿಗಾಗಿ ಮಾತ್ರ, ನಿಮ್ಮ ವೈದ್ಯರ ಸಲಹೆಗೆ ಬದಲಿಯಲ್ಲ.

ಮುಂದಿನ ಸಲ: ರಾತ್ರಿ ಪಾಳಿಯಲ್ಲಿ ದುಡಿಯುವವರ ಊಟ ಹೇಗಿರಬೇಕು?

ನಿಮ್ಮ ಹೃದಯ ಚೆನ್ನಾಗಿರಲಿ 🙏
ನಿಮ್ಮ ವೈದ್ಯ, ಎಂ.ಡಿ., ಹೃದ್ರೋಗ ತಜ್ಞ, ಚಾಕಣ